ಕಣ್ಣು ಮುಚ್ಚುವ ಜಾಗ

ಜೂನ್ 3

ಅಕ್ಕಾ,

ಈ ಸಲ ಕಾಗದ ಸ್ವಲ್ಪ ಬೇಗ ಬಂತೆಂದು ಗಾಬರಿಯಾಗಬೇಡ. ಫೋನು ಬೇಡ, ಕಾಗದವೇ ಇರಲಿ ಎಂದು ಅಮ್ಮ ಹೋದ ಮೇಲೆ ನಾವಿಬ್ಬರೂ ಮಾಡಿಕೊಂಡ ಒಪ್ಪಂದವನ್ನು ನಾನು ಮುರಿದಿಲ್ಲ. ಫೋನಿನಲ್ಲಾದರೆ ನೀನು ಅಳುತ್ತೀಯ, ನಾನು ರೇಗುತ್ತೇನೆ, ಆಮೇಲೆ ತಿಂಗಳುಗಟ್ಟಲೆ ಇಬ್ಬರೂ ಮುಖ ಊದಿಸಿಕೊಂಡಿರುತ್ತೇವೆ. ಕಾಗದವಾದರೆ ಜಗಳದ ನಡುವೆ ಅಂಚೆಯವನಾದರೂ ಇರುತ್ತಾನೆ.

ವಿಷಯ ಏನೆಂದರೆ, ನಮ್ಮ ಡಿಪೋದ ಹೊಸ ಬಸ್ಸುಗಳಲ್ಲಿ ಡ್ರೈವರನ ಮುಖ ನೋಡುವ ಕ್ಯಾಮೆರಾ ಹಾಕಿದ್ದಾರೆ. ಕನ್ನಡಿಯ ಪಕ್ಕದಲ್ಲಿ ಕೂತು, ಹೊಸ ಸೊಸೆಯನ್ನು ಅತ್ತೆ ನೋಡುವ ಹಾಗೆ ದಿನವಿಡೀ ನೋಡುತ್ತಿರುತ್ತದೆ. ಮೊನ್ನೆ ಸೂಪರ್‌ವೈಸರ್ ನನ್ನನ್ನು ಒಳಗೆ ಕರೆದರು. ಕೈ ತೋರಿಸಿದರೂ ಬಸ್ಸು ನಿಲ್ಲಿಸಲಿಲ್ಲ ಎಂದು ಯಾರೋ ನನ್ನ ಮೇಲೆ ದೂರು ಕೊಟ್ಟಿದ್ದರಂತೆ. ಅದನ್ನು ಹುಡುಕಲು ಹೋಗಿ ಬೇರೆಯದೇ ಸಿಕ್ಕಿದೆ.

"ನೋಡಪ್ಪ, ನಾನೇನೂ ಹೇಳಲ್ಲ. ನೀನೇ ನೋಡು" ಎಂದು ಪರದೆಯನ್ನು ನನ್ನ ಕಡೆ ತಿರುಗಿಸಿದರು.

ದಾರಿಯಲ್ಲಿ ಒಂದು ಜಾಗವಿದೆ. ಅಲ್ಲಿಗೆ ಬಂದ ಕೂಡಲೇ ನನ್ನ ಎರಡೂ ಕಣ್ಣು ಮುಚ್ಚಿಕೊಳ್ಳುತ್ತವೆ. ರೆಪ್ಪೆ ಬಡಿಯುವುದಲ್ಲ ಅಕ್ಕ, ಮುಚ್ಚುವುದು. ಕಣ್ಣಾಮುಚ್ಚಾಲೆ ಆಡುವ ಮಗು ಮುಚ್ಚಿಕೊಳ್ಳುವಂತೆ ಬಿಗಿಯಾಗಿ. ಆಮೇಲೆ ತೆರೆದುಕೊಳ್ಳುತ್ತವೆ, ನಾನು ಏನೂ ಆಗದವನಂತೆ ಗೇರ್ ಬದಲಿಸುತ್ತೇನೆ. ಬೇರೆ ದಿನದ್ದನ್ನೂ ತೋರಿಸಿದರು. ಅದೇ ಜಾಗ, ಅದೇ ಮುಖ. ನನಗೆ ಒಂದೇ ಒಂದು ದಿನದ್ದೂ ನೆನಪಿಲ್ಲ. ಯಾರಾದರೂ ಬಾಯಿಮಾತಿನಲ್ಲಿ ಹೇಳಿದ್ದರೆ ಸುಳ್ಳು ಅಂದುಬಿಡುತ್ತಿದ್ದೆ. ನನ್ನ ಮುಖವನ್ನೇ ಹೇಗೆ ಸುಳ್ಳು ಅನ್ನಲಿ?

ಯಾವ ಜಾಗ ಅನ್ನುವುದು ಬಿಡು, ನಿನಗೆ ಈ ಊರಿನ ದಾರಿಗಳು ಗೊತ್ತಿಲ್ಲ. ನನಗೆ ತಿಳಿಯಬೇಕಾಗಿರುವುದು ಇಷ್ಟು: ಚಿಕ್ಕಂದಿನಲ್ಲಿ ನನಗೆ ಮೂರ್ಛೆ ಗೀರ್ಛೆ ಬರುತ್ತಿತ್ತಾ? ಎಲ್ಲಾದರೂ ಬಿದ್ದು ತಲೆಗೆ ಪೆಟ್ಟಾಗಿತ್ತಾ? ಸೂಪರ್‌ವೈಸರ್ ಒಳ್ಳೆಯವರು. ಅವರೂ ಡ್ರೈವರಾಗಿದ್ದವರೇ. "ನಿದ್ದೆ ಸಾಲ್ತಿಲ್ಲ ಅನ್ಸುತ್ತೆ, ಸರಿ ಮಾಡ್ಕೋ. ತಿಂಗಳ ಕೊನೆಗೆ ಮತ್ತೆ ನೋಡ್ತೀನಿ. ಆಗ್ಲೂ ಹೀಗೇ ಇದ್ರೆ ನಿನ್ನ ಬಸ್ಸು ತೊಳೆಯೋ ಕಡೆ ಹಾಕ್ತಾರೆ, ನನ್ನ ಕೈಲಿ ಏನೂ ಇರಲ್ಲ" ಅಂದಿದ್ದಾರೆ. ಮನೆಯಲ್ಲಿ ಇನ್ನೂ ಹೇಳಿಲ್ಲ. ನಿನ್ನ ಸೊಸೆ ಪುಟ್ಟಿ ಶಾಲೆಯಲ್ಲಿ "ನಮ್ಮಪ್ಪ ದೊಡ್ಡ ಬಸ್ಸು ಓಡಿಸ್ತಾರೆ" ಎಂದು ಕೊಚ್ಚಿಕೊಂಡು ಬಂದಿದ್ದಾಳೆ.

ನಿನ್ನ ಕ್ಯಾಪ್ಟನ್


ಜೂನ್ 9

ಕ್ಯಾಪ್ಟನ್,

ಶಾಲೆಯ ಸಮವಸ್ತ್ರ ಹೊಲಿದು ಹೊಲಿದು ನನ್ನ ಸೊಂಟ ಬಿದ್ದುಹೋಗಿದೆ. ಅಂಗಡಿಯ ಯಜಮಾನತಿ ನನ್ನನ್ನೂ ಒಂದು ಹೊಲಿಗೆ ಯಂತ್ರ ಅಂದುಕೊಂಡಿದ್ದಾಳೆ, ಎಣ್ಣೆ ಬಿಡುವುದೊಂದು ಬಾಕಿ. ಅದರ ನಡುವೆ ನಿನ್ನ ಈ ಕಾಗದ.

ನಿನಗೆ ಮೂರ್ಛೆ ಬರುತ್ತಿರಲಿಲ್ಲ. ಬಿದ್ದು ಪೆಟ್ಟು ಮಾಡಿಕೊಂಡಿದ್ದೂ ಇಲ್ಲ. ನೀನು ಬೀಳುವಷ್ಟರಲ್ಲಿ ಹಿಡಿದುಕೊಳ್ಳಲು ನಾನು ಇರುತ್ತಿದ್ದೆನಲ್ಲ. ಭಯ ಅನ್ನುವುದೂ ನಿನಗೆ ಗೊತ್ತಿರಲಿಲ್ಲ. ಸುರಂಗದಲ್ಲಿ ನಡೆಯುವಾಗಲೂ ನೀನು ಅತ್ತವನಲ್ಲ, ಹಟ ಮಾಡಿದವನಲ್ಲ. ಅಲ್ಲಿ ಏನೂ ಆಗಲಿಲ್ಲ. ಹಳೆಯದನ್ನೆಲ್ಲ ಕೆದಕಿ ತಲೆ ಕೆಡಿಸಿಕೊಳ್ಳಬೇಡ. ಸರಿಯಾಗಿ ನಿದ್ದೆ ಮಾಡು, ಮೊಬೈಲು ನೋಡುವುದು ಕಡಿಮೆ ಮಾಡು.

ಒಂದು ಉಪಾಯ ಹೇಳುತ್ತೇನೆ. ಆ ಜಾಗ ಬಂದಾಗ ಗಟ್ಟಿಯಾಗಿ ಹಾಡು. ಇಲ್ಲಿ ನನಗೆ ಮಧ್ಯಾಹ್ನ ತೂಕಡಿಕೆ ಬಂದರೆ ನಾನೂ ಹಾಗೇ ಮಾಡುತ್ತೇನೆ. ಹಡಗಿನಲ್ಲಿ ಅಷ್ಟು ವರ್ಷ ದುಡಿದವನ ಮಗ, ಒಂದು ಬಸ್ಸಿಗೆ ಹೆದರುವುದೇ? ಸಿಕ್ಕಸಿಕ್ಕವರನ್ನೆಲ್ಲ ನಿಲ್ಲಿಸಿ "ನಮ್ಮಪ್ಪ ಹಡಗಿನ ಕ್ಯಾಪ್ಟನ್" ಎಂದು ಹೇಳಿ ಹೇಳಿ, ಕೊನೆಗೆ ಬೀದಿಯವರೆಲ್ಲ ನಿನ್ನನ್ನೇ ಕ್ಯಾಪ್ಟನ್ ಎಂದು ಕರೆಯತೊಡಗಿದ್ದು ಮರೆತೆಯಾ?

ಹೆಂಡತಿಗೆ ಹೇಳು. ಮುಚ್ಚಿಡಬೇಡ.

ಅಕ್ಕ


ಜೂನ್ 15

ಅಕ್ಕಾ,

ಹಾಡಿದೆ. ನೀನು ಹೇಳಿದ್ದನ್ನು ನಾನು ಯಾವತ್ತು ಮೀರಿದ್ದೇನೆ? ಮುಂದಿನ ಸೀಟಿನಲ್ಲಿದ್ದ ಅಜ್ಜಿಯೊಬ್ಬರು ಇಳಿಯುವಾಗ ನನ್ನ ಭುಜ ತಟ್ಟಿ, "ಧ್ವನಿ ಪರವಾಗಿಲ್ಲಪ್ಪ, ಆದ್ರೆ ನಾಳೆಯಿಂದ ಬೇಡ" ಅಂದರು. ಸಂಜೆ ಸೂಪರ್‌ವೈಸರನ್ನು ಕಾಡಿ ಬೇಡಿ ಆ ದಿನದ ಚಿತ್ರ ನೋಡಿದೆ. ಬಾಯಿ ಅಗಲವಾಗಿ ತೆರೆದಿದೆ, ಕಣ್ಣು ಬಿಗಿಯಾಗಿ ಮುಚ್ಚಿದೆ. ಸೂಪರ್‌ವೈಸರ್ ನಗು ತಡೆದುಕೊಂಡರು. ನನಗೆ ನಗು ಬರಲಿಲ್ಲ. ಬಸ್ಸಿನ ತುಂಬ ಜನ, ಬಾಗಿಲ ಬಳಿ ನಿಂತವರೂ ಇದ್ದರು. ಕಣ್ಣು ಮುಚ್ಚಿರುವಷ್ಟರಲ್ಲಿ ಬಸ್ಸು ಎಷ್ಟು ದೂರ ಹೋಗುತ್ತದೆ ಎಂದು ಡಿಪೋದ ಅಂಗಳದಲ್ಲಿ ಓಡಿಸಿ ನೋಡಿದೆ. ಗೇಟಿನಿಂದ ಡೀಸೆಲ್ ಪಂಪಿನವರೆಗೆ ಹೋಗುತ್ತದೆ. ಅಷ್ಟು ದೂರ ಆ ಬಸ್ಸನ್ನು ಯಾರು ಓಡಿಸುತ್ತಾರೆ ಅಕ್ಕ? ನಾನಂತೂ ಅಲ್ಲ.

ಡಾಕ್ಟರ ಹತ್ತಿರ ಹೋಗಿದ್ದೆ. ಮೊದಲು ಕಣ್ಣಿನವರು, ಆಮೇಲೆ ಅವರೇ ಕಳಿಸಿದ ಮನಸ್ಸಿನ ಡಾಕ್ಟರು. ಚಿಕ್ಕ ವಯಸ್ಸಿನ ಹೆಣ್ಣುಮಗಳು, ಮಾತು ಕಡಿಮೆ. "ನೀವು ಮರೆತಿದ್ದೀರಿ ಅಂದ್ರೆ ನಿಮ್ಮ ಮೈಯೂ ಮರೆತಿದೆ ಅಂತ ಅಲ್ಲ. ಒಂದು ಕಾಲದಲ್ಲಿ ಹಾಗೆ ಮಾಡೋದಕ್ಕೆ ಕಾರಣ ಇತ್ತು. ಕಾರಣ ಹೋಗಿದೆ, ಕೆಲಸ ನಿಂತಿಲ್ಲ. ಆಗ ನಿಮ್ಮ ಜೊತೆಗಿದ್ದವರು ಯಾರಾದ್ರೂ ಇದ್ರೆ ಕೇಳಿ" ಅಂದರು.

ಜೊತೆಗಿದ್ದವಳು ನೀನು. ಅದಕ್ಕೇ ನಿನ್ನ ಕಾಗದವನ್ನು ಮತ್ತೆ ಮತ್ತೆ ಓದಿದೆ. ಒಂದು ಕಡೆ ಬಂದು ನಿಂತುಬಿಟ್ಟೆ.

ಆ ಜಾಗ ಸುರಂಗ ಎಂದು ನಾನು ನಿನಗೆ ಬರೆದಿರಲೇ ಇಲ್ಲ.

ನಿಜ, ಅದು ಸುರಂಗವೇ. ಗುಡ್ಡದ ಕೆಳಗೆ ಕೊರೆದ ರಸ್ತೆ. ಅದರ ಬಾಯಿಗೆ ಬಸ್ಸಿನ ಮೂತಿ ಹೊಕ್ಕ ಕೂಡಲೇ ಕಣ್ಣು ಮುಚ್ಚುತ್ತದೆ. ನಾನು "ಒಂದು ಜಾಗ" ಅಂದಿದ್ದೆ, ಅಷ್ಟೇ. ನಿನಗೆ ಹೇಗೆ ಗೊತ್ತಾಯಿತು? ನಾವು ನಡೆದದ್ದು ಯಾವ ಸುರಂಗದಲ್ಲಿ? ನಾನು ಕೇಳುವುದಕ್ಕೆ ಮೊದಲೇ ಅಲ್ಲಿ ಏನೂ ಆಗಲಿಲ್ಲ ಎಂದು ಯಾಕೆ ಹೇಳಿದೆ?

ನಿನ್ನ ಕ್ಯಾಪ್ಟನ್


ಜೂನ್ 20

ತಮ್ಮಾ,

ಬಸ್ಸು ಅಂದರೆ ರಸ್ತೆ, ರಸ್ತೆ ಅಂದರೆ ಸೇತುವೆ, ಸುರಂಗ ಎಲ್ಲ ಇರುತ್ತವೆ. ಏನೋ ಊಹಿಸಿ ಬರೆದೆ. ಅದನ್ನೇ ದೊಡ್ಡದು ಮಾಡಿ ಪೊಲೀಸರ ಹಾಗೆ ಕೇಳಬೇಡ. ಶಾಲೆಗೆ ಹೋಗುವಾಗ ರೈಲು ಹಳಿಯ ಕೆಳಗೆ ನಡೆಯುವ ದಾರಿ ಒಂದಿತ್ತು, ಊರಿನ ಮಕ್ಕಳೆಲ್ಲ ಅಲ್ಲೇ ಹೋಗುತ್ತಿದ್ದರು.

ರಜೆ ಹಾಕು. ಆ ದಾರಿಯ ಬಸ್ಸು ಬೇಡ ಎಂದು ಕೇಳಿಕೋ. ಅಷ್ಟು ಜನರನ್ನು ಕೂರಿಸಿಕೊಂಡು ಹೋಗಬೇಡ, ನಿನ್ನ ದಮ್ಮಯ್ಯ.

ನಿನಗೊಂದು ಅಂಗಿ ಹೊಲಿದು ಕಳಿಸಿದ್ದೇನೆ. ತೋಳು ಉದ್ದವಾಗಿದ್ದರೆ ತಿಳಿಸು.

ಅಕ್ಕ


ಜೂನ್ 27

ಅಕ್ಕ,

ಅಂಗಿ ಬಂತು. ತೋಳು ಸರಿಯಾಗಿದೆ. ಆದರೆ ಒಂದು ಗುಂಡಿಯೂ ಇಲ್ಲ. ಕಾಜಾಗಳನ್ನೆಲ್ಲ ಅಚ್ಚುಕಟ್ಟಾಗಿ ಹೊಲಿದು ಇಸ್ತ್ರಿ ಮಾಡಿ ಮಡಿಸಿದ್ದೀಯ, ಗುಂಡಿ ಹಚ್ಚುವುದನ್ನೇ ಮರೆತಿದ್ದೀಯ. ಜೀವನವೆಲ್ಲ ಹೊಲಿದುಕೊಂಡೇ ಬಂದವಳು. ನಿನ್ನ ಕೈಯೂ ನಿನ್ನ ಮಾತು ಕೇಳುತ್ತಿಲ್ಲ ಎಂದು ಕಾಣುತ್ತದೆ.

ಸೋಮವಾರ ಬೆಳಿಗ್ಗೆ ಸುರಂಗದೊಳಗೆ ಒಬ್ಬ ಹೆಂಗಸಿಗೆ ಬಸ್ಸು ತಗುಲಿತು. ಸೈಕಲ್ಲಿನಲ್ಲಿದ್ದಳು, ಮುಂದಿನ ಬುಟ್ಟಿಯಲ್ಲಿ ಸೊಪ್ಪು ಇತ್ತು. ನನ್ನ ಕನ್ನಡಿ ಅವಳ ತೋಳನ್ನು ಸವರಿ, ಅವಳು ಕಾಲುದಾರಿಯ ಕಡೆಗೆ ಬಿದ್ದಳು. ಈ ಕಡೆಗೆ ಬಿದ್ದಿದ್ದರೆ ಇವತ್ತು ನಿನಗೆ ಕಾಗದ ಬರೆಯಲು ನಾನು ಹೊರಗಿರುತ್ತಿರಲಿಲ್ಲ. ಮೊಣಕೈ ತರಚಿತ್ತು, ಅಷ್ಟೇ. ಓಡಿಹೋಗಿ ಎಬ್ಬಿಸಿದೆ. "ಕಣ್ಣು ಕಾಣಲ್ವಾ ನಿಮಗೆ?" ಎಂದು ಕೇಳಿದಳು. ಅವಳ ಸೊಪ್ಪನ್ನು ಆರಿಸಿ ಬುಟ್ಟಿಗೆ ಹಾಕಿದೆ. ಡಿಪೋಗೆ ಹೋಗಿ ಬೀಗದ ಕೈಯನ್ನು ಸೂಪರ್‌ವೈಸರ ಮೇಜಿನ ಮೇಲೆ ಇಟ್ಟು, "ನಾನು ಓಡಿಸಲ್ಲ ಸಾರ್" ಅಂದೆ. ಓಡಿಸುವುದನ್ನು ಅವತ್ತಲ್ಲ, ಮೊದಲ ದಿನವೇ ಬಿಡಬೇಕಿತ್ತು. ಜುಲೈ ಹದಿನಾಲ್ಕಕ್ಕೆ ಪರೀಕ್ಷೆ ಇಟ್ಟಿದ್ದಾರೆ. ಇನ್‌ಸ್ಪೆಕ್ಟರ್ ಪಕ್ಕದಲ್ಲಿ ಕೂರುತ್ತಾರೆ, ಖಾಲಿ ಬಸ್ಸು, ಅದೇ ಸುರಂಗ. ಕಣ್ಣು ಮುಚ್ಚಿದರೆ ಲೈಸೆನ್ಸೇ ಹೋಗುತ್ತದೆ. ಓಡಿಸುವುದೊಂದು ಬಿಟ್ಟು ನನಗೆ ಬೇರೆ ಏನು ಬರುತ್ತದೆ ಹೇಳು.

ಇನ್ನೂ ಒಂದು ನಡೆದಿದೆ. ಮನೆಯಲ್ಲೇ ಇದ್ದೇನಲ್ಲ, ಪುಟ್ಟಿಯನ್ನು ಶಾಲೆಯಿಂದ ಕರೆತರಲು ಹೋಗಿದ್ದೆ. ದೊಡ್ಡ ರಸ್ತೆ ದಾಟಲು ನೆಲದಡಿಯ ದಾರಿ ಇದೆ. ಮೆಟ್ಟಿಲಿಳಿದು ಒಳಗೆ ಕಾಲಿಟ್ಟ ಕೂಡಲೇ ಪುಟ್ಟಿ, "ಅಪ್ಪಾ, ಕೈ ತೆಗಿ. ನಾನು ದೊಡ್ಡವಳಾಗಿದೀನಿ" ಅಂದಳು.

ನನ್ನ ಕೈ ಅವಳ ಕಣ್ಣಿನ ಮೇಲಿತ್ತು. ಇಟ್ಟದ್ದು ನನಗೆ ಗೊತ್ತೇ ಇಲ್ಲ.

ಮನೆಗೆ ಬಂದು ಹೆಂಡತಿಯನ್ನು ಕೇಳಿದೆ. "ಇದೇನು ಹೊಸದಾ? ಅವಳು ಕೂಸಾಗಿದ್ದಾಗಿಂದ ಹಾಗೇ ಮಾಡ್ತೀರಿ. ನಿಮ್ಮನೆ ಕಡೆ ಅಭ್ಯಾಸ ಏನೋ ಅಂದ್ಕೊಂಡಿದ್ದೆ" ಅಂದಳು.

ಆಮೇಲೆ ಒಬ್ಬನೇ ಕೋಣೆಯಲ್ಲಿ ಕೂತು ನನ್ನ ಅಂಗೈಯನ್ನು ನನ್ನ ಕಣ್ಣಿನ ಮೇಲೆ ಇಟ್ಟುಕೊಂಡೆ. ಬಂದದ್ದು ನನ್ನ ಕೈಯ ವಾಸನೆಯಲ್ಲ. ಹೊಲಿಗೆ ಯಂತ್ರದ ಎಣ್ಣೆಯದು.

ನೀನು ನನ್ನ ಕಣ್ಣು ಮುಚ್ಚುತ್ತಿದ್ದೆ. ಯಾಕೆ? ಅಲ್ಲಿ ಯಾರನ್ನಾದರೂ ಕೊಂದಿದ್ದರಾ? ಹೆಣ ಬಿದ್ದಿತ್ತಾ? ನಿನಗೇ ಯಾರಾದರೂ ಏನಾದರೂ ಮಾಡಿದರಾ? ನನಗೆ ದಿನಕ್ಕೊಂದು ತೋರುತ್ತದೆ, ಒಂದಕ್ಕಿಂತ ಒಂದು ಕೆಟ್ಟದ್ದು. ಯಾವುದು ಎಂದು ಹೇಳಿಬಿಡು.

ನಿನ್ನ ತಮ್ಮ


ಜುಲೈ 6

ಉತ್ತರ ಬಂದಿಲ್ಲ. ಅಂಚೆಯವನನ್ನು ಬಾಗಿಲಲ್ಲೇ ಹಿಡಿದು ಕೇಳುತ್ತಿದ್ದೇನೆ. ಅವನು ಈಗ ನನ್ನನ್ನು ಕಂಡರೆ ರಸ್ತೆಯ ಆ ಬದಿಗೆ ಹೋಗುತ್ತಾನೆ.

ನೀನು ಹೇಳದಿದ್ದರೂ ಪರೀಕ್ಷೆ ನಿಲ್ಲುವುದಿಲ್ಲ. ಆದರೆ ಒಂದು ಮಾತು ತಿಳಿದುಕೋ. ಪಾಸಾದರೂ ಫೇಲಾದರೂ, ಹದಿನಾಲ್ಕರೊಳಗೆ ನಿನ್ನಿಂದ ನಿಜ ಬರದಿದ್ದರೆ ನಾನು ನಿನಗೆ ಇನ್ನು ಬರೆಯುವುದಿಲ್ಲ. ಮುನಿಸಲ್ಲ ಇದು. ನನ್ನ ತಲೆಯೊಳಗೆ ನೀನು ಏನನ್ನೋ ಇಟ್ಟು ಬೀಗ ಹಾಕಿಕೊಂಡು ಹೋಗಿದ್ದೀಯ, ಅದರಿಂದ ಜನ ಸಾಯುವುದರಲ್ಲಿದ್ದರು.


ಜುಲೈ 7

ತಮ್ಮಾ,

ಇಪ್ಪತ್ತೇಳರ ನಿನ್ನ ಕಾಗದ ಬಂದಾಗಿನಿಂದ ಬರೆಯುತ್ತಿದ್ದೇನೆ, ಹರಿದು ಹಾಕುತ್ತಿದ್ದೇನೆ. ಇದನ್ನು ಹರಿಯುವ ಮೊದಲು ಅಂಚೆಪೆಟ್ಟಿಗೆಗೆ ಹಾಕಿಬಿಡುತ್ತೇನೆ.

ಯಾರನ್ನೂ ಕೊಂದಿರಲಿಲ್ಲ. ಹೆಣವೂ ಇರಲಿಲ್ಲ. ನನಗೂ ಯಾರೂ ಏನೂ ಮಾಡಲಿಲ್ಲ. ಅಲ್ಲಿ ಅಪ್ಪ ಕೂತಿರುತ್ತಿದ್ದ.

ಅಪ್ಪ ಯಾವ ಹಡಗನ್ನೂ ಹತ್ತಲಿಲ್ಲ. ಕೆಲಸಕ್ಕಿದ್ದ ಗಿರಣಿ ಮುಚ್ಚಿದ ಮೇಲೆ ಕುಡಿಯತೊಡಗಿದ. ಮನೆಯ ಪಾತ್ರೆಗಳು ಒಂದೊಂದಾಗಿ ಹೋದವು. ಅಮ್ಮನ ಹೊಲಿಗೆ ಯಂತ್ರಕ್ಕೆ ಕೈ ಹಾಕಿದ ದಿನ ಅಮ್ಮ ಅವನನ್ನು ಹೊರಗೆ ದಬ್ಬಿ ಅಗುಳಿ ಹಾಕಿದಳು. ಅವನು ಹೋದದ್ದು ಎಷ್ಟು ದೂರ? ರೈಲು ಹಳಿಯ ಕೆಳಗಿನ ಆ ದಾರಿಯವರೆಗೆ. ಅಲ್ಲೇ ಗೋಡೆಗೊರಗಿ ಒಂದು ಗೋಣಿಚೀಲದ ಮೇಲೆ ಉಳಿದುಬಿಟ್ಟ. ನಮ್ಮ ಮನೆ ಹಳಿಯ ಈ ಕಡೆ, ಶಾಲೆ ಆ ಕಡೆ. ಬೇರೆ ದಾರಿ ಇರಲಿಲ್ಲ. ನನಗೆ ಹದಿಮೂರು, ನಿನಗೆ ಐದು.

ಅಮ್ಮ ಹೇಳಿದ್ದು ಇಷ್ಟೇ: "ಮಗೂಗೆ ಕಾಣಿಸ್ಬಾರದು. ನೀನು ದೊಡ್ಡವಳು, ನೋಡ್ಕೋ." ನಾನು ನೋಡಿಕೊಂಡೆ. ಒಳಗೆ ಗಾಳಿ ಬೀಸಿ ಕಣ್ಣಿಗೆ ಧೂಳು ಬೀಳುತ್ತದೆ ಎಂದು ನಿನಗೆ ಹೇಳಿದೆ. ನಿನ್ನ ಬೆನ್ನನ್ನು ನನ್ನ ಹೊಟ್ಟೆಗೆ ಒತ್ತಿಕೊಂಡು, ಎರಡೂ ಕೈಯಿಂದ ನಿನ್ನ ಕಣ್ಣು ಮುಚ್ಚಿ, ಹಾಗೇ ನಡೆಸಿಕೊಂಡು ದಾಟಿಸುತ್ತಿದ್ದೆ. ಹೋಗುವಾಗ ಒಂದು ಸಲ, ಬರುವಾಗ ಒಂದು ಸಲ. ಕೆಲವು ದಿನ ಕಳೆದ ಮೇಲೆ ನೀನಾಗಿಯೇ, ಕೈ ಇಡುವ ಮೊದಲೇ ಮುಚ್ಚಿಕೊಳ್ಳತೊಡಗಿದೆ. ಎಷ್ಟು ಬುದ್ಧಿವಂತ ಎಂದು ನಾನು ಸಂತೋಷಪಟ್ಟಿದ್ದೆ.

ಹಡಗಿನ ಕಥೆ ಅಮ್ಮನದು. ನೀನು ಅದನ್ನು ಎಷ್ಟು ಇಷ್ಟಪಟ್ಟೆಯೆಂದರೆ, ಆಮೇಲೆ ಅದನ್ನು ನಿನ್ನಿಂದ ಕಿತ್ತುಕೊಳ್ಳಲು ನಮಗೆ ಮನಸ್ಸು ಬರಲಿಲ್ಲ. ಒಂದು ಚಳಿಗಾಲದಲ್ಲಿ ಆ ಜಾಗ ಖಾಲಿಯಾಗಿತ್ತು, ನೆಲ ತೊಳೆದಿದ್ದರು. ಯಾರೋ ಬಂದು ಅಮ್ಮನಿಗೆ ಹೇಳಿದರು. ಅಮ್ಮ ಒಬ್ಬಳೇ ಹೋಗಿ ಎಲ್ಲ ಮುಗಿಸಿ ಬಂದು ಯಂತ್ರದ ಮುಂದೆ ಕೂತಳು. ನಿನಗೆ ಹಡಗು ಮುಳುಗಿತು ಎಂದು ಹೇಳಿದೆವು.

ಇದುವರೆಗೆ ಯಾರಿಗೂ ಹೇಳದ ಒಂದು ವಿಷಯ ಇದೆ. ನಿನ್ನ ಕಣ್ಣು ಮುಚ್ಚಿ ನಡೆಸುವಾಗ ನಾನು ನೆಲ ನೋಡುತ್ತಿದ್ದೆ. ಒಂದು ದಿನವೂ ಅವನ ಮುಖ ನೋಡಲಿಲ್ಲ. ಹರಿದ ಚಪ್ಪಲಿ ನೋಡಿದ್ದೇನೆ, ಅಷ್ಟೇ. ಅವನು ನಮ್ಮನ್ನು ಗುರುತಿಸುತ್ತಿದ್ದನೋ ಇಲ್ಲವೋ, ಮಕ್ಕಳು ಹೀಗೆ ದಾಟಿ ಹೋಗುವುದನ್ನು ಕಂಡು ಶಪಿಸುತ್ತಿದ್ದನೋ, ನನಗೆ ಗೊತ್ತಿಲ್ಲ. ಕೇಳೋಣ ಎಂದರೆ ಯಾರೂ ಉಳಿದಿಲ್ಲ.

ಬೈಯಬೇಕು ಅನ್ನಿಸಿದರೆ ಬೈ. ಬರೆಯುವುದನ್ನು ಮಾತ್ರ ನಿಲ್ಲಿಸಬೇಡ.

ಅಕ್ಕ


ಜುಲೈ 15

ಅಕ್ಕಾ,

ನಿನ್ನ ಕಾಗದ ಹನ್ನೆರಡಕ್ಕೆ ಸಿಕ್ಕಿತು. ನನ್ನ ಆರನೆಯ ತಾರೀಖಿನ ಕಾಗದ ಇಷ್ಟರಲ್ಲಿ ನಿನಗೆ ಬಂದಿರುತ್ತದೆ. ಅದನ್ನು ಹರಿದು ಹಾಕು.

ಮೊದಲು ಸಿಟ್ಟು ಬಂತು, ಸುಳ್ಳು ಹೇಳುವುದಿಲ್ಲ. ಹೆಂಡತಿಗೆ ಓದಿ ಹೇಳಿದೆ. "ಹದಿಮೂರು ವರ್ಷದ ಹುಡುಗಿ ಕೈಲಿ ಅಷ್ಟು ಭಾರ ಹೊರಿಸಿದ್ರಲ್ಲ" ಎಂದು ಅವಳು ನಿನಗಾಗಿ ಅತ್ತಳು. ನನಗೆ ಅದು ಹೊಳೆದಿರಲೇ ಇಲ್ಲ.

ಪರೀಕ್ಷೆಯ ಹಿಂದಿನ ದಿನ ನಡೆದುಕೊಂಡೇ ಸುರಂಗಕ್ಕೆ ಹೋದೆ. ಅದರ ಬಾಯಲ್ಲಿ ನಿಂತು, ಕಾಲುದಾರಿಯ ಕಂಬಿ ಹಿಡಿದುಕೊಂಡು, ಇನ್ನೊಂದು ಕೈಯನ್ನು ಕಣ್ಣಿಗೆ ಅಡ್ಡ ಇಟ್ಟುಕೊಂಡೆ. ಬೆರಳು ಸ್ವಲ್ಪ ಸಡಿಲ ಮಾಡಿದೆ. ಆಗ ಬಂತು.

ಅಕ್ಕ, ನಿನ್ನ ಬೆರಳು ಆಗ ತೆಳ್ಳಗಿದ್ದವು. ಸಂದಿ ಇತ್ತು.

ನಾನು ಅವನನ್ನು ನೋಡಿದ್ದೇನೆ. ಗಡ್ಡ ಬೆಳೆದಿತ್ತು. ಕಂದು ಬಣ್ಣದ ಕೋಟು, ಅದರ ಗುಂಡಿಗಳಲ್ಲಿ ಒಂದು ಮಾತ್ರ ಬೇರೆ, ಹಸಿರು. ಅವನು ನನ್ನನ್ನೇ ನೋಡುತ್ತಿದ್ದ. ನಿನ್ನ ಬೆರಳಿನ ನಡುವಿಂದ ನಾನು ನೋಡುತ್ತಿದ್ದೇನೆ ಎಂದು ಅವನಿಗೆ ಗೊತ್ತಾಯಿತು. ನಕ್ಕ. ಕಳ್ಳ, ಸಿಕ್ಕಿಬಿದ್ದೆ ಅನ್ನುವಂತೆ ನಕ್ಕ. ಆಮೇಲೆ ತನ್ನ ಎರಡೂ ಕಣ್ಣನ್ನು ಬಿಗಿಯಾಗಿ ಮುಚ್ಚಿ ತೋರಿಸಿದ. ನೀನೂ ಹೀಗೆ ಮುಚ್ಚಿಕೋ ಅನ್ನುವ ಹಾಗೆ. ನಾನು ಮುಚ್ಚಿಕೊಂಡೆ.

ಅದಾದ ಮೇಲೇ ನಿನ್ನ ಕೈ ಬರುವ ಮೊದಲೇ ಮುಚ್ಚತೊಡಗಿದ್ದು. ನೀನು ಕಲಿಸಿದ್ದಲ್ಲ ಅದು, ಅಪ್ಪ ಹೇಳಿದ್ದು. ಇಷ್ಟು ವರ್ಷ ಅಪ್ಪನ ಮಾತನ್ನು ಪಾಲಿಸಿಕೊಂಡೇ ಬಂದಿದ್ದೇನೆ. ಅವನು ಅಪ್ಪ ಎಂದು ನನಗೆ ಆಗಲೇ ಗೊತ್ತಿತ್ತು ಎಂದು ಕಾಣುತ್ತದೆ. ಗೊತ್ತಿಲ್ಲದಿದ್ದರೆ ಹಡಗಿನ ಕಥೆಯನ್ನು ಬೀದಿಯವರಿಗೆಲ್ಲ ಕೂಗಿ ಕೂಗಿ ಹೇಳುವ ಅಗತ್ಯ ಏನಿತ್ತು?

ಇದು ನಿಜವಾದ ನೆನಪೋ, ನಿನ್ನ ಕಾಗದ ಓದಿ ಮನಸ್ಸು ಈಗ ಕಟ್ಟಿಕೊಂಡಿದ್ದೋ, ನನಗೆ ಹೇಳಲು ಬರುವುದಿಲ್ಲ. ನೀನು ಕೋಟಿನ ಬಗ್ಗೆ ಏನೂ ಬರೆದಿಲ್ಲ. ಆ ಹಸಿರು ಗುಂಡಿ ಇತ್ತಾ?

ನಿನ್ನೆ ಪರೀಕ್ಷೆ ಆಯಿತು. ಸುರಂಗ ಹತ್ತಿರ ಬಂದಾಗ ಅಂಗಿಯ ಬೆನ್ನು ಒದ್ದೆಯಾಗಿತ್ತು. ರೆಪ್ಪೆ ಕೆಳಗೆ ಎಳೆಯುತ್ತಿತ್ತು ಅಕ್ಕ, ಯಾರೋ ದಾರ ಕಟ್ಟಿ ಎಳೆದ ಹಾಗೆ. "ಅಪ್ಪಾ, ನಾನು ನೋಡ್ತಾ ಇದೀನಿ" ಎಂದು ಗಟ್ಟಿಯಾಗಿ ಹೇಳಿದೆ. ಇನ್‌ಸ್ಪೆಕ್ಟರ್ ಬೆಚ್ಚಿಬಿದ್ದು "ಏನ್ರೀ?" ಅಂದರು. "ಏನಿಲ್ಲ ಸಾರ್" ಅಂದೆ. ಅಷ್ಟು ಹೊತ್ತಿಗೆ ಒಳಗಿದ್ದೆವು. ಒಳಗೆ ದೀಪಗಳಿವೆ. ಗೋಡೆಗೆ ಬಿಳಿ ಬಣ್ಣ ಹಚ್ಚಿದ್ದಾರೆ. ಇಷ್ಟು ದಿನ ಓಡಿಸಿಯೂ ನನಗೆ ಅದು ಗೊತ್ತಿರಲಿಲ್ಲ. ಹೊರಗೆ ಬಂದ ಮೇಲೆ ಬಸ್ಸನ್ನು ಬದಿಗೆ ನಿಲ್ಲಿಸಿದೆ. ಇನ್‌ಸ್ಪೆಕ್ಟರ್ ನೀರಿನ ಬಾಟಲಿ ಕೊಟ್ಟರು. ಲೈಸೆನ್ಸ್ ಉಳಿಯಿತು. ಕೆಲವು ತಿಂಗಳು ಸುರಂಗವಿಲ್ಲದ ದಾರಿ, ಆಮೇಲೆ ಮತ್ತೊಮ್ಮೆ ಪರೀಕ್ಷೆ.

ಪುಟ್ಟಿಯ ಜೊತೆ ನೆಲದಡಿಯ ದಾರಿಯಲ್ಲಿ ಹೋಗುವಾಗ ಈಗ ಕೈಯನ್ನು ಜೇಬಿನಲ್ಲಿ ಇಟ್ಟುಕೊಳ್ಳುತ್ತೇನೆ.

ನಿನ್ನ ತಮ್ಮ


ಜುಲೈ 20

ತಮ್ಮಾ,

ಇತ್ತು. ಹಸಿರು ಗುಂಡಿ ಇತ್ತು. ಮೇಲಿನಿಂದ ಎರಡನೆಯದು. ಕಂದು ಬಣ್ಣದ್ದು ಸಿಗದೆ ಅಮ್ಮನ ಹಳೆಯ ರವಿಕೆಯಿಂದ ಕಿತ್ತು ನಾನೇ ಹಚ್ಚಿದ್ದು. ನನ್ನ ಕೈಯ ಮೊದಲ ಹೊಲಿಗೆ ಅದು. ಅಪ್ಪ ಅದನ್ನು ಗಿರಣಿಯವರಿಗೆಲ್ಲ ತೋರಿಸಿಕೊಂಡು ಬಂದಿದ್ದ. ಆ ಕೋಟನ್ನು ಇನ್ನೂ ಹಾಕಿಕೊಂಡಿದ್ದ ಎಂದು ನನಗೆ ಗೊತ್ತಿರಲಿಲ್ಲ. ಗೊತ್ತಾಗುವಷ್ಟು ನಾನು ತಲೆ ಎತ್ತಿರಲಿಲ್ಲ.

ಯಜಮಾನತಿಗೆ ಹೇಳಿ ರಜೆ ತೆಗೆದುಕೊಂಡಿದ್ದೇನೆ. ಭಾನುವಾರದ ರೈಲಿಗೆ ಬರುತ್ತೇನೆ. ನಿನ್ನ ಅಂಗಿಗೆ ಗುಂಡಿಗಳನ್ನು ಕಟ್ಟಿ ಇಟ್ಟುಕೊಂಡಿದ್ದೇನೆ, ಅಲ್ಲೇ ಕೂತು ಹಚ್ಚಿಕೊಡುತ್ತೇನೆ. ನೀನು ಕಾಗದ ಬರೆಯಬೇಡ. ಒಪ್ಪಂದ ಒಂದು ದಿನಕ್ಕೆ ಮುರಿಯಲಿ, ನಾನು ಅತ್ತರೆ ರೇಗಬೇಡ. ನನ್ನನ್ನು ಎದುರಿಗೆ ಕೂರಿಸಿಕೊಂಡು, ಅಪ್ಪ ಹೇಗೆ ನಕ್ಕ ಅನ್ನುವುದನ್ನು ಇನ್ನೊಂದು ಸಲ ಹೇಳು.

ಅಕ್ಕ